ಸೀನನಿಗೊಂದು ಪತ್ರ: ಟೈಟಾನಿಕ್ ತಂಗಿ, ಒಂದು ಮಿಲ್ಲಿನ ಊರು

ಲೋ ಸೀನ,

ಮೊನ್ನೆ ಫೋನಲ್ಲಿ ಟೈಟಾನಿಕ್ ತಂಗಿ ಹಡಗು ಬ್ರಿಟಾನಿಕ್ ಮುಳುಗಿದ ಕಥೆ ಅಷ್ಟೊತ್ತು ಹೇಳಿದ್ಯಲ್ಲ, ಅವತ್ತಿಂದ ಅದೇ 1916ರ ಇನ್ನೊಂದು ಕಥೆ ನನ್ ತಲೇಲಿ ಸುತ್ತುತಾ ಇದೆ. ಇಂಗ್ಲೆಂಡಿನ ಲ್ಯಾಂಕಾಶೈರಲ್ಲಿ ಆಕ್ರಿಂಗ್ಟನ್ ಅಂತ ಬಟ್ಟೆ ಮಿಲ್ಲಿನ ಊರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ, ಬ್ರಿಟನ್ನಿನ ಯುದ್ಧ ಮಂತ್ರಿ ಕಿಚನರ್ ಸೈನ್ಯಕ್ಕೆ ಜನ ಬೇಕು ಅಂದಾಗ ಅಲ್ಲಿನ ಮೇಯರ್ರೇ ನಿಂತು ಬೆಟಾಲಿಯನ್ (ಸೈನ್ಯದ ಒಂದು ತುಕಡಿ) ಕಟ್ಟಿದ್ರು, ಗೆಳೆಯರೆಲ್ಲ ಒಟ್ಟಿಗೇ ಇರಬಹುದು ಅನ್ನೋದೇ ಆಸೆ, ಅಣ್ಣ ತಮ್ಮ, ಪಕ್ಕದ ಮನೆಯವ್ನು, ಒಂದೇ ಮಿಲ್ಲಲ್ಲಿ ದುಡಿಯೋರು, ಸುತ್ತಲಿನ ಬರ್ನ್ಲಿ, ಚೋರ್ಲಿ ಊರುಗಳ ಹುಡುಗ್ರೂ ಸೇರಿ ಹತ್ತೇ ದಿನಕ್ಕೆ ಭರ್ತಿ! ಜನ ಅವ್ರನ್ನ ಆಕ್ರಿಂಗ್ಟನ್ ಪಾಲ್ಸ್, ಅಂದ್ರೆ ಆಕ್ರಿಂಗ್ಟನ್ ಗೆಳೆಯರು ಅಂತ ಕರೆದ್ರು.

ನಿನ್ ಹಡಗು ತಗೋ. ಟೈಟಾನಿಕ್ ಆದ್ಮೇಲೆ ಬುದ್ಧಿ ಬಂದು ಒಳಗಿನ ಅಡ್ಡಗೋಡೆಗಳನ್ನ ಎತ್ತರ ಮಾಡಿದ್ರು, ಒಂದು ಕಡೆ ತೂತಾದ್ರೆ ನೀರು ಅಲ್ಲೇ ನಿಲ್ಲಲಿ ಅಂತ. ಆದ್ರೆ ಆಸ್ಪತ್ರೆ ಹಡಗಲ್ವಾ, ವಾರ್ಡಿಗೆ ಗಾಳಿ ಬರ್ಲಿ ಅಂತ ಕಿಟಕಿ ತೆಗೆದಿಟ್ಟಿದ್ರು, ಸಮುದ್ರದಲ್ಲಿ ಇಟ್ಟಿದ್ದ ಮೈನ್ (ಸಿಡಿಗುಂಡು) ಸಿಡಿದಾಗ ಅದ್ರಿಂದಲೂ ನೀರು ನುಗ್ತು. ಆದ್ರೂ ಮುಳುಗೋಕೆ 55 ನಿಮಿಷ ಹಿಡೀತು, ಸಾವಿರಕ್ಕೂ ಹೆಚ್ಚು ಜನ ಇದ್ದ ಹಡಗಲ್ಲಿ ಸತ್ತೋರು 30.

ಬೆಟಾಲಿಯನ್‌ಗೆ ಅಡ್ಡಗೋಡೆನೇ ಇರ್ಲಿಲ್ಲ ಕಣೋ. 1916ರ ಜುಲೈ 1ರ ಬೆಳಿಗ್ಗೆ ಫ್ರಾನ್ಸಿನ ಸೊಮ್ ಯುದ್ಧದಲ್ಲಿ ಸೆರ್ ಅನ್ನೋ ಹಳ್ಳಿ ಹಿಡೀರಿ ಅಂತ ಸುಮಾರು 720 ಜನರನ್ನ ಕಳಿಸಿದ್ರು, ಎದುರಿಗೆ ಜರ್ಮನ್ ಮಷೀನ್ ಗನ್, ಅರ್ಧ ಗಂಟೆ ಅಷ್ಟೇ, ಸತ್ತೋರು, ಗಾಯ ಆದೋರು, ಕಾಣೆಯಾದೋರು ಎಲ್ಲ ಸೇರಿ 584, ಅದ್ರಲ್ಲಿ ಸತ್ತೋರೇ 235. ಬೇರೆ ಬೇರೆ ಊರಿನೋರಾಗಿದ್ರೆ ಆ ಸುದ್ದಿ ದೇಶದ ತುಂಬ ಹಂಚಿ ಹೋಗ್ತಿತ್ತು, ಇಲ್ಲಿ ಎಲ್ಲಾ ನಾಕಾರು ಊರಿನ ಬೀದಿಗಳಿಗೇ ಬಂದು ಬಿತ್ತು. ಪೇಪರಲ್ಲಿ ಮೊದ್ಲು ಎಲ್ಲಾ ಚೆನ್ನಾಗಾಯ್ತು ಅಂತ್ಲೇ ಬರೆದಿದ್ರಂತೆ, ಕೊನೆಗೆ ಹೆಂಗಸ್ರು ನಿಜ ಹೇಳಿ ಅಂತ ಮೇಯರ್ ಮನೇನೇ ಮುತ್ತಿದ್ರು.

ಇನ್ನೊಂದು ಕೇಳು. ಫ್ರಾನ್ಸಿಗೆ ಮುಂಚೆ ಈ ಹುಡುಗ್ರು ಈಜಿಪ್ಟಿಗೆ ಹೋಗಿದ್ದು ನಿನ್ ಬ್ರಿಟಾನಿಕ್ ಕಂಪನಿದೇ ಹಡಗಲ್ಲಿ, ಐಯಾನಿಕ್ ಅಂತ. ದಾರೀಲಿ ಟಾರ್ಪಿಡೊ ಬಂತು, ತಗಲಲಿಲ್ಲ. ಹಡಗು 1930ರ ದಶಕದವರೆಗೂ ಬಾಳಿ ಗುಜರಿಗೆ ಹೋಯ್ತು, ಇವ್ರಿಗೆ ಸಿಕ್ಕಿದ್ದು ಬರೀ ಆರು ತಿಂಗಳು.

ಸೆರ್ ಹತ್ರ ಇವ್ರು ದಾಳಿಗೆ ಹೊರಟ ಟ್ರೆಂಚ್ (ಕಂದಕ) ಜಾಗದಲ್ಲೇ ಇವರ ಸ್ಮಾರಕ ಇದೆ, ಫೋಟೋ ಹುಡುಕಿ ನೋಡು. ಕಲ್ಲಿಂದಲ್ಲ, ಆಕ್ರಿಂಗ್ಟನ್ ಇಟ್ಟಿಗೇಲಿ ಕಟ್ಟಿದ್ದಾರೆ, ಅರ್ಧ ಬಿದ್ದ ಮನೆ ಗೋಡೆ ಥರ.

ಭಾನುವಾರ ಫೋನ್ ಮಾಡ್ತೀನಿ.

ನಿನ್ನ,
ರಾಜಿ