ವಿರೋಧಿಸಿದ ಒಪ್ಪಂದಕ್ಕೇ ಪದಸೂಚಿ ಮಾಡಿದವರು

ಸಂಪಾದಕರೇ,

ಯುರೋಪ್ ಒಕ್ಕೂಟದ ವಿರೋಧಿಗಳು ಎಂದರೆ ಪತ್ರಿಕೆಗಳಲ್ಲಿ ಬ್ರಿಟನ್ನಿನ ರಾಜಕಾರಣಿ ನೈಜೆಲ್ ಫರಾಜ್ ಹೆಸರೇ ಜಾಸ್ತಿ. ಬ್ರಿಟನ್ ಒಕ್ಕೂಟ ಬಿಡುವ ಹೊತ್ತಿಗೆ, 2020ರ ಜನವರಿಯಲ್ಲಿ, ಅವರು ಬ್ರಸೆಲ್ಸ್‌ನ ಯುರೋಪಿನ ಸಂಸತ್ತಿನಲ್ಲಿ ತಮ್ಮ ದೇಶದ ಬಾವುಟ ಬೀಸಿದ್ದು ಎಲ್ಲರಿಗೂ ನೆನಪಿದೆ. ನನಗೆ ನೆನಪಾಗುವುದು ಡೆನ್ಮಾರ್ಕಿನ ಯೆನ್ಸ್-ಪೀಟರ್ ಬೋಂಡೆ.

1979ರಲ್ಲಿ ಯುರೋಪಿನ ಸಂಸತ್ತಿಗೆ ಮೊದಲ ಸಲ ಜನರೇ ನೇರವಾಗಿ ಮತ ಹಾಕಿದರು. ಆಗ ಗೆದ್ದ ಬೋಂಡೆ 2008ರ ತನಕ ಅಲ್ಲೇ ಸದಸ್ಯರಾಗಿದ್ದರು. 1992ರ ಜೂನ್ 2ರಂದು ಡೆನ್ಮಾರ್ಕಿನ ಜನ ಯುರೋಪ್ ಒಕ್ಕೂಟ ಕಟ್ಟುವ ಮಾಸ್ಟ್ರಿಕ್ಟ್ ಒಪ್ಪಂದ ಬೇಡ ಎಂದು ಮತ ಹಾಕಿದರಲ್ಲ, ಆ ತಿಂಗಳ ಹೆಸರಲ್ಲೇ ಹುಟ್ಟಿದ 'ಜೂನ್ ಚಳವಳಿ'ಯ ಮುಂದಾಳು ಇವರು. ಒಳಗೆ ಕೂತು ಸುಮ್ನೆ ಕೂಗಾಡಲಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಸಭೆಗಳ ಕಾಗದಪತ್ರ ಜನರಿಗೆ ಸಿಗಲಿ ಎಂದು ವರ್ಷಗಟ್ಟಲೆ ಬೆನ್ನು ಹತ್ತಿದರು.

ನಾನು ಮೂವತ್ತು ವರ್ಷ ಪ್ರೆಸ್‌ನಲ್ಲಿ ಕರಡು ತಿದ್ದಿದವನು. ಒಕ್ಕೂಟದ ಹಳೇ ಒಪ್ಪಂದಗಳನ್ನು ತಿದ್ದಿದ 2007ರ ಲಿಸ್ಬನ್ ಒಪ್ಪಂದದ ಮೂಲ ಪಠ್ಯ ನೋಡಿ ತಲೆ ತಿರುಗಿತು. ಈ ಪದ ತೆಗೆದು ಆ ಪದ ಹಾಕಿ, ಇಂಥ ವಿಧಿಯ ಇಂಥ ಪ್ಯಾರಾ ಬಿಡಿ ಎಂದು ಪುಟಗಟ್ಟಲೆ ಹೀಗೇ. ಹಳೇ ಒಪ್ಪಂದಗಳು ಪಕ್ಕದಲ್ಲಿ ಇಲ್ಲದಿದ್ದರೆ ಒಂದು ಸಾಲೂ ಅರ್ಥವಾಗಲ್ಲ. ಬೋಂಡೆ ತಿದ್ದುಪಡಿಗಳನ್ನೆಲ್ಲ ಅವುಗಳ ಜಾಗಕ್ಕೆ ಸೇರಿಸಿ, ಪದಸೂಚಿ ಕೊಟ್ಟು, ಸಾಮಾನ್ಯರು ಓದುವಂಥ ಆವೃತ್ತಿ ಹೊರತಂದರು. ತಾವೇ ವಿರೋಧಿಸಿದ ಒಪ್ಪಂದಕ್ಕೆ! ಪದಸೂಚಿ ಮಾಡುವುದು ಕಣ್ಣು ಸೋಲುವ ಕೆಲಸ, ಮಾಡಿದವರಿಗೇ ಗೊತ್ತು. ಓದದೇ ಮತ ಹಾಕಬೇಡಿ ಅನ್ನೋದು ಸುಲಭ. ಓದಲು ಬರುವ ಹಾಗೆ ಮಾಡಿಕೊಡುವವರು ಎಷ್ಟು ಜನ?

ಬೋಂಡೆ 2021ರಲ್ಲಿ ತೀರಿಕೊಂಡರು. ನಿಮ್ಮ ವಿದೇಶ ಪುಟದಲ್ಲಿ ಅವರ ಬಗ್ಗೆ ಒಂದು ಲೇಖನ ದಯವಿಟ್ಟು ಹಾಕಿ.

– ನಿವೃತ್ತ ಕರಡು ತಿದ್ದುಗ, ಧಾರವಾಡ