ವಿಮಾ ಏಜೆಂಟರ ಅರ್ಜಿ ತಿರಸ್ಕಾರ: ಕಾರಣವನ್ನು ಬರಹದಲ್ಲಿ ಕೊಡಿ

ಸಂಪಾದಕರಿಗೆ,

ವಿಮಾ ಏಜೆಂಟರಾಗಲು ಅರ್ಜಿ ಹಾಕಿದ ಹಲವರಿಗೆ ಸಿಗುವ ಉತ್ತರ ಒಂದೇ ಸಾಲಿನದು: ‘ಅಪ್ಲಿಕೇಶನ್ ರಿಜೆಕ್ಟ್ ಆಗಿದೆ.’ ಅದೂ ಫೋನಿನಲ್ಲಿ. ಯಾಕೆ ಎಂದು ಕೇಳಿದರೆ ‘ಸಿಸ್ಟಂ ತಗೊಳ್ತಾ ಇಲ್ಲ’ ಎನ್ನುತ್ತಾರೆ. ಮರುವಾರ ಅವೇ ಝೆರಾಕ್ಸ್ ಪ್ರತಿಗಳನ್ನು ಲಗತ್ತಿಸಿ ಇನ್ನೊಂದು ಅರ್ಜಿ ಹೋಗುತ್ತದೆ, ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಅರ್ಜಿ ಯಾವ ಹಂತದಲ್ಲಿ, ಯಾವ ದಾಖಲೆಯಿಂದಾಗಿ ನಿಂತಿತು ಎಂಬುದು ಗೊತ್ತಿಲ್ಲದೆ ಮರುಸಲ್ಲಿಕೆ ಮಾಡುವುದು ವ್ಯರ್ಥ. ಗೊತ್ತಾದರೆ ತಿದ್ದುವುದು ಅಷ್ಟೇನೂ ಕಷ್ಟವಲ್ಲ.

ಕಾರಣ ತಿಳಿಸುವುದು ಕಂಪನಿಯ ಔದಾರ್ಯವೂ ಅಲ್ಲ. 2015ರಲ್ಲಿ ವಿಮಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಏಜೆಂಟರಿಗೆ ಲೈಸೆನ್ಸ್ ಕೊಡುವ ಹಳೆಯ ಪದ್ಧತಿ ಹೋಗಿ, ನೇಮಕದ ಅಧಿಕಾರ ವಿಮಾ ಕಂಪನಿಗಳ ಕೈಗೇ ಬಂತು. ಅದಕ್ಕಾಗಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ರೂಪಿಸಿದ ನಿಯಮಾವಳಿ 2016ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರಂತೆ ಪ್ರತಿ ಕಂಪನಿಯಲ್ಲೂ ಅರ್ಜಿ ನೋಡಲೆಂದೇ ಒಬ್ಬ ನಿಯೋಜಿತ ಅಧಿಕಾರಿ ಇರುತ್ತಾರೆ. ಎಲ್ಲ ಸರಿ ಇದ್ದರೆ ದಾಖಲೆಗಳು ತಲುಪಿದ 15 ದಿನಗಳೊಳಗೆ ನೇಮಕ ಪತ್ರ ಹೊರಡಬೇಕು. ನಿರಾಕರಿಸುವುದಾದರೆ ಅರ್ಜಿ ತಲುಪಿದ 21 ದಿನಗಳೊಳಗೆ ಕಾರಣ ದಾಖಲಿಸಿ ಅರ್ಜಿದಾರರಿಗೆ ತಿಳಿಸಬೇಕು. ಅದು ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಮರುಪರಿಶೀಲನೆ ಅರ್ಜಿ ಕೊಡಬಹುದು; ಅವರು 15 ದಿನಗಳಲ್ಲಿ ಲಿಖಿತವಾಗಿ ಅಂತಿಮ ತೀರ್ಮಾನ ಹೇಳಬೇಕು. ಬಾಯಿಮಾತಿನ ತಿರಸ್ಕಾರಕ್ಕೆ ದಿನಾಂಕವೇ ಇರುವುದಿಲ್ಲ. ಹಾಗಿದ್ದರೆ 45 ದಿನವನ್ನು ಎಲ್ಲಿಂದ ಎಣಿಸುವುದು? ಆದ್ದರಿಂದ ಮೊದಲ ಕೆಲಸ, ‘ನನ್ನ ಅರ್ಜಿಯನ್ನು ನಿರಾಕರಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಿ’ ಎಂದು ಶಾಖೆಗೆ ಇಮೇಲ್ ಹಾಕುವುದು, ಇಲ್ಲವೇ ಪತ್ರ ಕೊಟ್ಟು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳುವುದು.

ಇನ್ನೊಂದು ಗೊಂದಲವೂ ಇದೆ. ಏಜೆಂಟರಾಗಲು ಪಾಸು ಮಾಡಬೇಕಾದ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪೋರ್ಟಲ್ ಪ್ಯಾನ್ ಸ್ವೀಕರಿಸದಿದ್ದರೂ ‘ರಿಜೆಕ್ಟ್’, ಶಾಖೆಯವರು ಕಾಗದ ಸಾಲದೆಂದು ವಾಪಸು ಕಳಿಸಿದರೂ ‘ರಿಜೆಕ್ಟ್’, ನಿಯೋಜಿತ ಅಧಿಕಾರಿ ನಿಯಮದ ಆಧಾರದಲ್ಲಿ ನಿರಾಕರಿಸಿದರೂ ‘ರಿಜೆಕ್ಟ್’. ಮೊದಲೆರಡಕ್ಕೆ ದಾಖಲೆ ತಿದ್ದಿ ಮರುಸಲ್ಲಿಸಿದರೆ ಸಾಕು, ಮೇಲ್ಮನವಿಯ ಮಾತೇ ಬೇಡ. ಮೂರನೆಯದಕ್ಕೆ ಮಾತ್ರ ಮೇಲೆ ಹೇಳಿದ ಗಡುವುಗಳು ಅನ್ವಯಿಸುತ್ತವೆ.

ತಿರಸ್ಕಾರಕ್ಕೆ ನಮ್ಮ ರಾಜ್ಯದಲ್ಲಿ ಮತ್ತೆ ಮತ್ತೆ ಕಾಣುವ ಕಾರಣ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್ ಇರುತ್ತದೆ. ಪ್ಯಾನ್ ಅರ್ಜಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರುಗಳನ್ನು ಸಂಕ್ಷೇಪಿಸುವಂತಿಲ್ಲ. ಹಾಗಾಗಿ ‘ರವಿಕುಮಾರ್ ಎಂ’ ಅಲ್ಲಿ ‘ರವಿಕುಮಾರ್ ಮಲ್ಲಪ್ಪ’ ಆಗುತ್ತಾರೆ. ಆಧಾರ್‌ನಲ್ಲಿ ಬರೀ ‘ರವಿಕುಮಾರ’. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಕೊನೆಗೆ. ಇಂಗ್ಲಿಷ್ ಕಾಗುಣಿತದ ಕಾಟ ಬೇರೆ: ಗೀತಾ, ಲತಾ ಬರೆಯುವಾಗ ‘ಟಿ’ ಆದಮೇಲೆ ‘ಎಚ್’ ಒಂದು ಕಡೆ ಉಂಟು, ಇನ್ನೊಂದು ಕಡೆ ಇಲ್ಲ, ಗೌಡ ಒಂದು ಕಡೆ ‘ಡಬ್ಲ್ಯು’, ಇನ್ನೊಂದು ಕಡೆ ‘ಯು’. ನಮ್ಮ ಕಣ್ಣಿಗೆ ಅದು ಒಂದೇ ಹೆಸರು. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು.

ಮದುವೆಯಾದ ಹೆಣ್ಣುಮಕ್ಕಳ ಅರ್ಜಿ ಇದೇ ಕಾರಣಕ್ಕೆ ಹೆಚ್ಚು ನಿಲ್ಲುತ್ತದೆ. ಅಂಕಪಟ್ಟಿ, ಪ್ಯಾನ್ ಎರಡರಲ್ಲೂ ತಂದೆಯ ಇನಿಷಿಯಲ್ ಇದ್ದು, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಗಂಡನ ಹೆಸರು ಸೇರಿರುತ್ತದೆ. ನಮ್ಮ ಸಲಹೆ ಏನೆಂದರೆ, ಏಜೆನ್ಸಿ ಅರ್ಜಿಯ ಮಟ್ಟಿಗೆ ಪ್ಯಾನ್‌ನಲ್ಲಿರುವ ಹೆಸರೇ ಹೆಸರು. ಕಂಪನಿಯವರು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹುಡುಕುವುದೂ ಪ್ಯಾನ್ ಮೂಲಕ, ಕಮಿಷನ್‌ಗೆ ತೆರಿಗೆ ಕಡಿತವಾಗುವುದೂ ಅದೇ ಸಂಖ್ಯೆಗೆ. ಅರ್ಜಿ, ಪರೀಕ್ಷೆಯ ನೋಂದಣಿ, ಬ್ಯಾಂಕ್ ಖಾತೆ ಎಲ್ಲವೂ ಅದಕ್ಕೆ ಹೊಂದಬೇಕು. ಪ್ಯಾನ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಿ. ಅರ್ಜಿಯನ್ನು ತಪ್ಪಿಗೆ ತಕ್ಕಂತೆ ತಿರುಚಬೇಡಿ.

ತಿದ್ದುವುದರಲ್ಲೂ ಕ್ರಮ ಇದೆ. ಹುಟ್ಟಿದ ದಿನಾಂಕ ತಪ್ಪಿದ್ದರೆ ಅಂಕಪಟ್ಟಿಯನ್ನು ಆಧಾರವಾಗಿಟ್ಟು ಆಧಾರ್ ತಿದ್ದಿಸಿ, ಅದೇ ಅಂಕಪಟ್ಟಿ ಇಟ್ಟುಕೊಂಡು ಪ್ಯಾನ್ ತಿದ್ದಿಸಿ, ಆಮೇಲೆ ಬ್ಯಾಂಕಿನ ಕೆವೈಸಿ, ಕೊನೆಗೆ ಏಜೆನ್ಸಿ ಅರ್ಜಿ. ಅಂಕಪಟ್ಟಿಯೇ ತಪ್ಪಾಗಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನಲ್ಲಿ ಕುಳಿತು ಇನಿಷಿಯಲ್ ಸೇರಿಸಿ, ಮುಂದಿನ ತಿಂಗಳು ಅದನ್ನೇ ತೆಗೆಸಿ ಆ ಎರಡನ್ನೂ ಮುಗಿಸಿಕೊಂಡವರ ಪಾಡು ಬೇಡ. ವಯಸ್ಸಿನ ದಾಖಲೆಯಾಗಿ ಬರೀ ಆಧಾರ್ ಕೊಡುವುದೂ ಸಲ್ಲದು, ಅದು ಗುರುತಿನ ಚೀಟಿಯೇ ಹೊರತು ಜನ್ಮದಿನಾಂಕದ ಪುರಾವೆ ಅಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಜೊತೆಗಿರಲಿ.

ಅಂಕಪಟ್ಟಿಯಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅದರ ವಿಸ್ತರಣೆ, ಇಷ್ಟೇ ವ್ಯತ್ಯಾಸವಾದರೆ ದಾಖಲೆ ಬದಲಿಸುವ ಗೋಜೇ ಬೇಡ. ಎರಡೂ ಹೆಸರು ಒಬ್ಬರದೇ ಎಂದು ಇ-ಸ್ಟಾಂಪ್ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಸಹಿಯೊಂದಿಗೆ ಲಗತ್ತಿಸಿ. ಅದರಲ್ಲಿ ಎರಡೂ ಹೆಸರುಗಳನ್ನು ಆಯಾ ದಾಖಲೆಯಲ್ಲಿ ಇರುವ ಹಾಗೆಯೇ ಇಂಗ್ಲಿಷ್ ಕಾಗುಣಿತದೊಂದಿಗೆ ಬರೆಸಿ, ದಾಖಲೆಯ ಸಂಖ್ಯೆಯನ್ನೂ ಹಾಕಿಸಿ. ಸಂಖ್ಯೆ ಇಲ್ಲದ ಅಫಿಡವಿಟ್ ಮತ್ತೆ ವಾಪಸು ಬರುವ ಸಾಧ್ಯತೆ ಹೆಚ್ಚು. ಸಹಿಯ ಮೇಲೂ ಗಮನವಿರಲಿ: ಪ್ಯಾನ್‌ನಲ್ಲಿ ಕನ್ನಡದ ಸಹಿ ಇದ್ದರೆ ಅರ್ಜಿಯಲ್ಲೂ ಕನ್ನಡದ್ದೇ ಹಾಕಿ.

ಪ್ಯಾನ್–ಆಧಾರ್ ಜೋಡಣೆಯಾಗದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯವಾಗಿದೆ. ಕಾರ್ಡು ಕೈಯಲ್ಲಿದ್ದ ಮಾತ್ರಕ್ಕೆ ಪ್ಯಾನ್ ಚಾಲ್ತಿಯಲ್ಲಿದೆ ಎಂದಲ್ಲ; ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಒಮ್ಮೆ ನೋಡಿಬಿಡಿ. ಸಂಖ್ಯೆ ತುಂಬುವಾಗಲೂ ಎಚ್ಚರ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರ, ವ್ಯಕ್ತಿಗಳ ಪ್ಯಾನ್‌ನಲ್ಲಿ ನಾಲ್ಕನೆಯದು ‘ಪಿ’. ಐದನೆಯದು ಕೊನೆಯ ಹೆಸರಿನ ಮೊದಲ ಅಕ್ಷರ. ಹೆಸರು ತಿದ್ದಿಸಿದರೂ ಸಂಖ್ಯೆ ಬದಲಾಗುವುದಿಲ್ಲ, ಹಾಗಾಗಿ ಆ ಅಕ್ಷರ ಹೊಂದದಿದ್ದರೆ ಗಾಬರಿ ಬೇಡ.

ಬ್ಯಾಂಕಿನ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ವಿಶೇಷ ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾದವು. ಮನೆಯಲ್ಲಿ ಉಳಿದ ಹಳೆಯ ಚೆಕ್ ಹಾಳೆಗೆ ಗೆರೆ ಎಳೆದು ‘ಕ್ಯಾನ್ಸಲ್ಡ್’ ಎಂದು ಬರೆದು ಲಗತ್ತಿಸಿದರೆ, ಅದರ ಐಎಫ್‌ಎಸ್‌ಸಿ ಎಂಬ ಶಾಖಾ ಸಂಕೇತ ಈಗ ಚಾಲ್ತಿಯಲ್ಲಿ ಇಲ್ಲದಿರಬಹುದು. ಹೆಸರು ಮುದ್ರಿತವಾದ ಹೊಸ ಚೆಕ್ ಅಥವಾ ಬ್ಯಾಂಕಿನ ಸೀಲು ಇರುವ ಪಾಸ್‌ಬುಕ್ ಪುಟ ಕೊಡಿ. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ–ಅಂಕಿಗಳು, ಐದನೆಯದು ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಒತ್ತುವವರು ಇಂದಿಗೂ ಇದ್ದಾರೆ.

ಇವೆಲ್ಲ ಕಾಗದದ ತಪ್ಪುಗಳು. ನಿಜವಾಗಿ ಸಿಕ್ಕಿಹಾಕಿಸುವುದು ಹಳೆಯ ಏಜೆನ್ಸಿ. ಒಬ್ಬರು ಒಂದು ಜೀವ ವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಏಜೆಂಟರಾಗಬಹುದು. ಎರಡು ಜೀವ ವಿಮಾ ಕಂಪನಿಗಳಿಗೆ ಆಗುವಂತಿಲ್ಲ. ಎಂದೋ ಪರೀಕ್ಷೆ ಪಾಸು ಮಾಡಿ ನಾಲ್ಕು ಪಾಲಿಸಿ ಮಾಡಿಸಿ ಕೈಬಿಟ್ಟ ಏಜೆನ್ಸಿ ಪ್ರಾಧಿಕಾರದ ಪಟ್ಟಿಯಲ್ಲಿ ಇನ್ನೂ ಜೀವಂತವಾಗಿರಬಹುದು. ಸರ್ಕಾರಿ ನೌಕರಿಯಲ್ಲಿರುವ ಗಂಡ ತನ್ನ ಹೆಂಡತಿಯ ಹೆಸರಿನಲ್ಲಿ ಏಜೆನ್ಸಿ ತೆಗೆದು ತಾನೇ ನಡೆಸುವ ರೂಢಿ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಆ ಹೆಂಡತಿ ಮುಂದೊಂದು ದಿನ ಸ್ವಂತವಾಗಿ ಇನ್ನೊಂದು ಕಂಪನಿ ಸೇರಲು ಹೊರಟರೆ, ತನ್ನ ಪ್ಯಾನ್ ಆಗಲೇ ಬಳಕೆಯಲ್ಲಿದೆ ಎಂಬುದು ಆಕೆಗೆ ತಿಳಿಯುವುದೇ ಆಗ.

ಇದಕ್ಕೆ ಪರಿಹಾರ ಹಳೆಯ ಕಂಪನಿಗೆ ರಾಜೀನಾಮೆ. ನೇಮಕ ಪತ್ರ, ಗುರುತಿನ ಚೀಟಿ ಒಪ್ಪಿಸಿದ ಮೇಲೆ ಆ ಕಂಪನಿ 15 ದಿನಗಳೊಳಗೆ ನಮೂನೆ 1-ಸಿಯಲ್ಲಿ ಏಜೆನ್ಸಿ ಮುಗಿದ ಪ್ರಮಾಣಪತ್ರ ಕೊಡಬೇಕು. ಹೊಸ ಕಂಪನಿಗೆ ಅದನ್ನು ನಮೂನೆ 1-ಎ ಅರ್ಜಿಯ ಜೊತೆ ಕೊಡಬೇಕು, ಹಿಂದಿನ ಏಜೆನ್ಸಿಯ ವಿವರವನ್ನೂ ಬರೆಯಬೇಕು. ಪ್ರಮಾಣಪತ್ರ ನೀಡಿದ ದಿನಾಂಕದಿಂದ 90 ದಿನ ಕಳೆಯುವವರೆಗೆ ಹೊಸ ಅರ್ಜಿಯನ್ನು ಪರಿಗಣಿಸುವಂತಿಲ್ಲ. ಇಲ್ಲೇ ಲೆಕ್ಕ ತಪ್ಪುವುದು: ರಾಜೀನಾಮೆ ಕೊಟ್ಟ ದಿನದಿಂದ ಎಣಿಸಿ ಅರ್ಜಿ ಹಾಕುತ್ತಾರೆ, ಪ್ರಮಾಣಪತ್ರದ ದಿನಾಂಕ ಎರಡು ವಾರ ಆಚೆಗಿರುತ್ತದೆ, ಅರ್ಜಿ ವಾಪಸು. ಹಳೆಯ ಏಜೆನ್ಸಿಯನ್ನು ಮುಚ್ಚಿಟ್ಟು ‘ಇಲ್ಲ’ ಎಂದು ಗುರುತು ಹಾಕುವುದಂತೂ ಆತ್ಮಹತ್ಯೆ. ಪ್ಯಾನ್ ಹಾಕಿದ ಕ್ಷಣದಲ್ಲೇ ಗೊತ್ತಾಗುತ್ತದೆ. ಇನ್ನೊಂದು ಪ್ಯಾನ್ ಮಾಡಿಸಿಕೊಳ್ಳಿ ಎಂದು ಕಿವಿಯಲ್ಲಿ ಹೇಳುವವರೂ ಇದ್ದಾರೆ. ಎರಡು ಪ್ಯಾನ್ ಇಟ್ಟುಕೊಂಡರೆ 10,000 ರೂಪಾಯಿ ದಂಡ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐಸಿ-38 ಎಂಬ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ತೇರ್ಗಡೆಗೆ ಶೇ 35 ಸಾಕು. ಆದರೆ ಮೊದಲ ನೇಮಕಕ್ಕೆ ಆ ಪ್ರಮಾಣಪತ್ರ 12 ತಿಂಗಳು ಮಾತ್ರ ಊರ್ಜಿತ. ಆಧಾರ್, ಪ್ಯಾನ್ ತಿದ್ದಿಸುತ್ತಾ ಅಲೆಯುವಾಗ ಈ ಗಡಿಯಾರವೂ ಓಡುತ್ತಿರುತ್ತದೆ. ಆದ್ದರಿಂದ ದಾಖಲೆ ಸರಿಮಾಡಿಕೊಂಡು ಪರೀಕ್ಷೆಗೆ ಕೂರುವುದೇ ಲೇಸು. ಮ್ಯೂಚುವಲ್ ಫಂಡ್ ಮಾರಲು ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಬಯಸುವ ಏಜೆಂಟರಿಗೂ ಇದೇ ಮಾತು: ಎನ್‌ಐಎಸ್‌ಎಂ ಸಂಸ್ಥೆ ನಡೆಸುವ, ಅದಕ್ಕೆ ಬೇಕಾದ ಪರೀಕ್ಷೆಗೆ ನೋಂದಾಯಿಸುವಾಗ ಹೆಸರು ಪ್ಯಾನ್‌ನಲ್ಲಿ ಇರುವಂತೆಯೇ ಇರಲಿ. ಅಲ್ಲಿ ತೇರ್ಗಡೆಗೆ ನೂರಕ್ಕೆ 50, ಪ್ರಮಾಣಪತ್ರದ ಅವಧಿ ಮೂರು ವರ್ಷ.

ಮರುಸಲ್ಲಿಸುವಾಗ ಅರ್ಜಿಯ ಮೇಲೆ ಒಂದು ಪುಟದ ಪತ್ರ ಇರಲಿ. ಹಿಂದಿನ ಅರ್ಜಿಯ ಸಂಖ್ಯೆ, ನಿರಾಕರಣೆಯ ದಿನಾಂಕ, ಅವರು ಕೊಟ್ಟ ಕಾರಣ ಅವರದೇ ಮಾತಿನಲ್ಲಿ, ಅದರ ಕೆಳಗೆ ಏನು ತಿದ್ದಲಾಗಿದೆ, ಪುರಾವೆ ಯಾವ ಪುಟದಲ್ಲಿದೆ. ಕಾರಣ ಎರಡಿದ್ದರೆ ಎರಡಕ್ಕೂ ಉತ್ತರ ಬೇಕು. ಒಂದನ್ನೇ ತಿದ್ದಿ ಕಳಿಸಿದ ಅರ್ಜಿ ಎರಡನೆಯದಕ್ಕೆ ಬಿದ್ದುಹೋಗುತ್ತದೆ. ಕಾರಣವೇ ತಪ್ಪಾಗಿದ್ದರೆ, ಉದಾಹರಣೆಗೆ ಅದೇ ಹೆಸರಿನ ಬೇರೊಬ್ಬರ ಏಜೆನ್ಸಿಯನ್ನು ನಿಮ್ಮ ತಲೆಗೆ ಕಟ್ಟಿದ್ದರೆ, ಮರುಸಲ್ಲಿಸಬೇಡಿ, ಮರುಪರಿಶೀಲನೆ ಕೇಳಿ. ವಿಮಾ ಓಂಬುಡ್ಸ್‌ಮನ್‌ಗೆ ಬರೆದು ಪ್ರಯೋಜನವಿಲ್ಲ, ಅವರಿರುವುದು ಪಾಲಿಸಿದಾರರ ದೂರಿಗೆ.

ಕಂಪನಿಗಳಲ್ಲಿ ಕೇಳುವುದು ಇಷ್ಟು. ‘ವಿವರ ತಾಳೆಯಾಗುತ್ತಿಲ್ಲ’ ಎಂಬ ಮೊಗಮ್ಮಾದ ಸಾಲು ಬಿಟ್ಟು, ಯಾವ ದಾಖಲೆಯ ಯಾವ ಕಾಲಂ ಯಾವುದಕ್ಕೆ ಹೊಂದುತ್ತಿಲ್ಲ ಎಂದು ಬರೆಯಿರಿ. ಕನ್ನಡದಲ್ಲಿ ಪರೀಕ್ಷೆ ಬರೆದವರಿಗೆ ಆ ಪತ್ರವನ್ನೂ ಕನ್ನಡದಲ್ಲಿ ಕೊಡಿ. ಪತ್ರದ ಕೊನೆಯಲ್ಲಿ ಮೇಲ್ಮನವಿ ಅಧಿಕಾರಿಯ ಹುದ್ದೆ, ಇಮೇಲ್, 45 ದಿನ ಮುಗಿಯುವ ದಿನಾಂಕ ಇರಲಿ.

— ವಿಮಾ ಏಜೆಂಟರ ತರಬೇತುದಾರರು, ದಾವಣಗೆರೆ