ಅಲಾಸ್ಕಾ ಹೆದ್ದಾರಿಯಲ್ಲಿ ಸಿಕ್ಕ ಅಜ್ಜನಿಗೆ

ಕೆಲಸ ಸಿಕ್ಕಿತೆಂದು ಕೆನಡಾದ ಯೂಕಾನ್‌ಗೆ ಬಂದವನು ನಾನು. ಬೆಟ್ಟ, ಸ್ಕೀಯಿಂಗ್ ಹುಚ್ಚೂ ಇತ್ತೆನ್ನಿ. ಜನವರಿಯ ಒಂದು ಭಾನುವಾರ ಕ್ಲುವಾನಿ ರಾಷ್ಟ್ರೀಯ ಉದ್ಯಾನದ ಕಡೆಯಿಂದ ವೈಟ್‌ಹಾರ್ಸ್‌ಗೆ ವಾಪಸಾಗಬೇಕು, ಹೆದ್ದಾರಿ ಪಕ್ಕ ನಿಲ್ಲಿಸಿದ್ದ ಕಾರು ಸ್ಟಾರ್ಟ್ ಆಗಲೇ ಇಲ್ಲ. ಮೈನಸ್ 35 ಡಿಗ್ರಿ. ಫೋನಿಗೆ ಸಿಗ್ನಲ್ ಇಲ್ಲ. ಕತ್ತಲಾಗುತ್ತಿತ್ತು.

ಪಿಕಪ್‌ನಲ್ಲಿ ಬಂದ ಹಿರಿಯರೊಬ್ಬರು ತಾವಾಗಿಯೇ ನಿಲ್ಲಿಸಿದರು. ಕಾರಿನತ್ತ ನೋಡಲೂ ಇಲ್ಲ. ಮೊದಲು ನನ್ನನ್ನು ತಮ್ಮ ಗಾಡಿಯಲ್ಲಿ ಕೂರಿಸಿ, ಹೀಟರ್ ಜೋರು ಮಾಡಿ, ಗ್ಲೌಸ್ ಬಿಚ್ಚಿಸಿದರು. ಬೆರಳ ತುದಿ ಬಿಳಿಚಿಕೊಂಡಿದೆಯೇ ಎಂದು ಒಂದೊಂದನ್ನೂ ನೋಡಿದರು. ಫ್ಲಾಸ್ಕಿನ ಚಹಾ ಕೊಟ್ಟರು. ಸಕ್ಕರೆ ವಿಪರೀತ, ಆದರೂ ಇನ್ನೊಂದು ಲೋಟ ಕೇಳಿ ಕುಡಿದೆ! ಕೈ ನಡುಗುವುದು ನಿಂತದ್ದು ಆಗಲೇ.

ಆಮೇಲೆ ಜಂಪರ್ ಕೇಬಲ್ ಹಾಕಿ, ನನ್ನ ಬ್ಯಾಟರಿಗೆ ಜೀವ ಬರುವವರೆಗೂ ಕಾದರು. ರೇಡಿಯೇಟರ್ ಮುಂದೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿ, "ಇಂಜಿನ್ ಬೇಗ ಬೆಚ್ಚಗಾಗುತ್ತೆ" ಎಂದರು. ವೈಟ್‌ಹಾರ್ಸ್ ದೀಪಗಳು ಕಾಣುವವರೆಗೂ ನನ್ನ ಹಿಂದೆಯೇ ಬಂದು, ಹಾರ್ನ್ ಹೊಡೆದು ಗಾಡಿ ತಿರುಗಿಸಿದರು. ಅಂದರೆ ಅವರು ಹೋಗಬೇಕಿದ್ದದ್ದು ಈ ಕಡೆಗೇ ಅಲ್ಲ!

ಹೆಸರು ಕೇಳಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಕಂದು ನಾಯಿ ಮಲಗಿತ್ತು, ಪಿಕಪ್ ಬೂದು ಬಣ್ಣದ್ದು. ಯೂಕಾನ್‌ನಲ್ಲಿರುವ ಕನ್ನಡಿಗರು ಯಾರಿಗಾದರೂ ಅವರ ಪರಿಚಯವಿದ್ದರೆ ದಯವಿಟ್ಟು ಹೇಳಿ: ಆ ಹುಡುಗ ಸುಖವಾಗಿ ಮನೆ ಸೇರಿದ, ತುಂಬಾ ಥ್ಯಾಂಕ್ಸ್ ಅಂತ.